ಆ ಹುಡುಗರು ನಿನಗೆ ಏನಾಗಬೇಕು?

ಅಮ್ಮ ಇದನ್ನು ಕೇಳಿದ್ದು 2024ರ ನವೆಂಬರ್ 30ರ ಶನಿವಾರ, ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ. ಆಗಷ್ಟೇ ನಾನು ಸೋಫಾದಿಂದ ಎದ್ದು ನಿಂತು, ಟಿವಿ ಕಡೆ ಕೈ ಚಾಚಿ, ಹಾಸನ ಬಿಟ್ಟ ಮೇಲೆ ಬಾಯಿಗೆ ಬಂದಿರದ ಬೈಗುಳವೊಂದನ್ನು ಬೈದಿದ್ದೆ. ಅಮ್ಮ ಕೆಳಗೆ ಕೂತು ಬತ್ತಿ ಹೊಸೆಯುತ್ತಿದ್ದಳು. ಲಕ್ಷ ಬತ್ತಿಯ ಹರಕೆ. ಆರು ತಿಂಗಳಿಗೆಂದು ಅಮೆರಿಕಕ್ಕೆ ಬಂದ ತಾಯಂದಿರೆಲ್ಲ ನಯಾಗರ ನೋಡುತ್ತಾರೆ. ಅಮ್ಮನೂ ನೋಡಿದಳು. ಹತ್ತಿಯ ಚೀಲ ಅಲ್ಲಿಗೂ ಬಂದಿತ್ತು.

"ಆ ಹುಡುಗರು ನಿನಗೆ ಏನಾಗಬೇಕೋ?"

"ಆಟ ಮುಗೀಲಿ ಅಮ್ಮ, ಹೇಳ್ತೀನಿ" ಅಂದೆ.

ಆಟ ಅಂದರೆ ಅಮೆರಿಕನ್ ಫುಟ್‌ಬಾಲ್. ಮಿಷಿಗನ್ ಯೂನಿವರ್ಸಿಟಿಯ ಹುಡುಗರು ಓಹಿಯೋ ಸ್ಟೇಟ್ ಯೂನಿವರ್ಸಿಟಿಯವರ ಊರಿಗೆ ಹೋಗಿ ಆಡುತ್ತಿದ್ದರು. ಆ ವರ್ಷ 6 ಗೆದ್ದು 5 ಸೋತಿದ್ದ ತಂಡ ನಮ್ಮದು. ಎದುರಿಗಿದ್ದವರು ದೇಶಕ್ಕೇ 2ನೆಯವರು. ಬಾಜಿ ಕಟ್ಟುವವರ ಲೆಕ್ಕದಲ್ಲಿ ನಾವು ಸುಮಾರು 20 ಪಾಯಿಂಟ್‌ಗಳಿಂದ ಸೋಲಬೇಕಿತ್ತು. ಇಂಥ ಹೊತ್ತಿನಲ್ಲಿ ನೆಂಟಸ್ತಿಕೆ ಬಿಡಿಸಿ ಹೇಳುತ್ತಾ ಕೂರೋಕೆ ಆಗುತ್ತಾ?

ಪ್ರಶ್ನೆಯೇನೋ ಸರಿಯಾದದ್ದೇ. ಆ ಕಾಲೇಜಿನಲ್ಲಿ ನಾನು ಓದಿಲ್ಲ. ಓದಿದ ಕಾಲೇಜಿಗೂ ಒಂದು ವಾಲಿಬಾಲ್ ಟೀಮ್ ಇತ್ತು. ಅದರ ಒಬ್ಬ ಆಟಗಾರ ನನ್ನ ಹಾಸ್ಟೆಲ್ ರೂಮಿನವನೇ. ಒಂದು ರಾತ್ರಿ ಅವನು ಕಪ್ ಹಿಡಿದುಕೊಂಡು ರೂಮಿಗೆ ಬಂದಾಗ "ಲೈಟ್ ಆರಿಸೋ" ಅಂದವನು ನಾನು.

2007ರಲ್ಲಿ ಕೆಲಸಕ್ಕೆಂದು, ಮಿಷಿಗನ್ ಯೂನಿವರ್ಸಿಟಿ ಇರುವ ಆನ್ ಆರ್ಬರ್‌ಗೆ ಬಂದು ಎರಡು ವಾರವಾಗಿತ್ತು. ಆಫೀಸಿನಲ್ಲೊಬ್ಬರು ಟಿಕೆಟ್ ಕೊಟ್ಟು, ಸುಮ್ನೆ ನೋಡಿಕೊಂಡು ಬಾ, ಕಷ್ಟದ ಆಟವೇನಲ್ಲ ಅಂದರು. ನೆಲ ಅಗೆದು ಬಾವಿಯ ಹಾಗೆ ಕಟ್ಟಿದ ಸ್ಟೇಡಿಯಂ, ಲಕ್ಷಕ್ಕೂ ಜಾಸ್ತಿ ಜನ. ನಾವು ದೇಶಕ್ಕೆ 5ನೆಯವರು. ಎದುರಿಗೆ ಅಪಲೇಚಿಯನ್ ಸ್ಟೇಟ್ ಅನ್ನುವ, ಒಂದು ದರ್ಜೆ ಕೆಳಗಿನ ಟೀಮ್. ಕೊನೆಯಲ್ಲಿ ನಮ್ಮವರು ಒದ್ದ ಚೆಂಡಿಗೆ ಅವರಲ್ಲೊಬ್ಬ ಅಡ್ಡ ಹಾರಿದ. 34-32, ಸೋಲು. ಲಕ್ಷ ಜನ ತುಟಿ ಬಿಚ್ಚದೆ ಮೆಟ್ಟಿಲು ಹತ್ತಿ ಹೊರಗೆ ಹೋದರು. ಸಾವಿನ ಮನೆಯಲ್ಲೂ ಯಾರಾದರೂ ಕಾಫಿ ಕೇಳುತ್ತಾರೆ, ಇಲ್ಲಿ ಅದೂ ಇಲ್ಲ. ರಜೆ ಮುಗಿಸಿ ಮಂಗಳವಾರ ಆಫೀಸಿಗೆ ಹೋದರೆ, ಟಿಕೆಟ್ ಕೊಟ್ಟವರು ನನ್ನನ್ನು ಒಮ್ಮೆ ತಲೆಯಿಂದ ಕಾಲಿನವರೆಗೆ ನೋಡಿದರು. ಕಾಲ್ಗುಣ ಅನ್ನುವ ಮಾತು ಇಂಗ್ಲಿಷ್‌ನಲ್ಲಿಲ್ಲ. ಆ ನೋಟ ಇದೆ.

ಹೊಸ ಸೊಸೆ ಹೊಸಿಲು ದಾಟಿದ ದಿನವೇ ಹಟ್ಟಿಯಲ್ಲಿ ಹಸು ಸತ್ತರೆ ಅವಳ ಪಾಡೇನು? ಬಿಟ್ಟು ಹೋದರೆ ಅಪವಾದ ನಿಜವಾಗುತ್ತದೆ. ಅದಕ್ಕೇ ಉಳಿದುಕೊಂಡೆ ಅನ್ನಿ.

ಆದರೆ ಅವತ್ತಿನ ಬೈಗುಳ ಆ ಹುಡುಗರಿಗೆ ಬೈದದ್ದಲ್ಲ, ಜಾಹೀರಾತಿಗೆ. ಆಟ 60 ನಿಮಿಷದ್ದು, ಮುಗಿಯೋದಕ್ಕೆ ಮೂರೂವರೆ ಗಂಟೆ. ಚೆಂಡು ಹಿಡಿದು ಕೊನೆಯ ಗೆರೆ ದಾಟಿದರು, ಟಚ್‌ಡೌನ್ ಆಯಿತು, ಜಾಹೀರಾತು. ಬಂದು ಒಬ್ಬ ಚೆಂಡು ಒದ್ದ, ಅದು ಆಚೆ ಹೋಗಿ ಬಿತ್ತು, ಮತ್ತೆ ಜಾಹೀರಾತು. ಲಾರಿಯಂಥ ಕಾರೊಂದು ಬೆಟ್ಟ ಹತ್ತುತ್ತದೆ. ಮುದುಕರು ಮಾತ್ರೆ ನುಂಗಿ ದೋಣಿ ನಡೆಸುತ್ತಾರೆ. ಆ ಮಾತ್ರೆಯಿಂದ ಏನೇನು ಕೆಡಬಹುದು ಅಂತ ಒಬ್ಬ ಉಸಿರು ಬಿಡದೆ ಓದುತ್ತಾನೆ. ಅಷ್ಟು ಹೊತ್ತೂ ಮೈದಾನದಲ್ಲಿ ಕೆಂಪು ಟೋಪಿಯವನೊಬ್ಬ ಟಿವಿಯವರ ಅಪ್ಪಣೆಗೆ ಕಾದುಕೊಂಡು ನಿಂತಿರುತ್ತಾನೆ. ಅವನು ಪಕ್ಕಕ್ಕೆ ಸರಿಯುವ ತನಕ ಲಕ್ಷ ಜನ ಚಳಿಯಲ್ಲಿ ಕೈ ಉಜ್ಜಿಕೊಳ್ಳುತ್ತಾರೆ. ನನಗೆ ಈ ಇಡೀ ದೇಶದಲ್ಲಿ ಯಾರ ಮೇಲಾದರೂ ನಿಜವಾದ ದ್ವೇಷ ಇದ್ದರೆ ಆ ಟೋಪಿಯ ಮೇಲೆ.

ಅಮ್ಮನಿಗೆ ಮಾತ್ರ ಇದು ಹಿಡಿಸಿತು. ಒಂದು ಬಿಡುವಿಗೆ ಹದಿನೆಂಟು ಬತ್ತಿ ಆಗುತ್ತಿತ್ತು. ಆಟ ನಡೆಯುವಾಗ ಎರಡು.

"ಒಳ್ಳೇ ಆಟ ಕಣೋ. ಕೈಗೆ ಕೆಲಸ ಸಾಗುತ್ತೆ."

ಒಂದು ಬಿಡುವಿನಲ್ಲಿ ಈ ಎರಡು ಊರಿನವರ ಜಗಳ ಎಲ್ಲಿಂದ ಬಂತು ಅಂತ ಅವಳಿಗೆ ಹೇಳಿದೆ. 1835ರಲ್ಲಿ ಟೊಲೀಡೊ ಅನ್ನುವ ಊರು, ಅದರ ಸುತ್ತಲಿನ ಒಂದು ಪಟ್ಟಿ ನೆಲ ಯಾರದು ಅಂತ ಮಿಷಿಗನ್ ಮತ್ತು ಓಹಿಯೋ ಸೈನ್ಯ ಕಟ್ಟಿಕೊಂಡು ನಿಂತಿದ್ದವು. ಯುದ್ಧ ಅಂತಲೇ ಹೆಸರು. ಅದರಲ್ಲಿ ಇರಿತ ಬಿದ್ದದ್ದು ಒಬ್ಬ ಡೆಪ್ಯುಟಿ ಶೆರಿಫ್‌ಗೆ, ಅದೂ ಪೆನ್ನುಚಾಕುವಿನಿಂದ. ಕೊನೆಗೆ ಟೊಲೀಡೊ ಓಹಿಯೋಗೆ ಹೋಯಿತು. ನಮಗೆ ಸಮಾಧಾನಕ್ಕೆ ಅಂತ ಸರೋವರದ ಆಚೆಯ ಕಾಡು ಕೊಟ್ಟರು.

"ಬೆಳಗಾವಿ ತರಹ ಅನ್ನು" ಅಂದಳು ಅಮ್ಮ.

"ಬೆಳಗಾವಿ ನಮ್ಮ ಹತ್ರಾನೇ ಇದೆಯಲ್ಲ ಅಮ್ಮ."

"ಹಂಗಾದ್ರೆ ನಿನ್ನೋರು ಮಹಾರಾಷ್ಟ್ರದೋರು."

ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಪುಣ್ಯಕ್ಕೆ ಕೆಂಪು ಟೋಪಿ ಸರಿಯಿತು.

ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ, "ಇನ್ನೆಷ್ಟು ಹೊತ್ತು ರೀ?" ಅಂದಳು. ಅವತ್ತೇ ಸಂಜೆ ನಮ್ಮ ಕನ್ನಡ ಕೂಟದ ರಾಜ್ಯೋತ್ಸವ. ಹಾಲ್ ಸಿಗುವ ದಿನವೇ ನವೆಂಬರ್ ಒಂದು ಅನ್ನುವುದು ಇಲ್ಲಿನ ರೂಢಿ. ನಾಲ್ಕಕ್ಕೆ ಅಲ್ಲಿರಬೇಕು, ಕುರ್ಚಿ ಜೋಡಿಸುವ ಪಾಳಿ ನನ್ನದು.

"ಹತ್ತು ನಿಮಿಷ" ಅಂದೆ.

ಅವಳು ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿದಳು. ಹತ್ತು ಅನ್ನುವ ಮಾತು ನಮ್ಮ ಮನೆಯಲ್ಲಿ ನಡೆಯುವುದಿಲ್ಲ. ನಮ್ಮ ಟೀಮ್ ಆಡುವ ಕೂಟದ ಹೆಸರು ಬಿಗ್ ಟೆನ್. ಅದರಲ್ಲಿ 18 ಕಾಲೇಜುಗಳಿವೆ. ಹತ್ತು ಸಮಸ್ತರು ಅಂತಾರಲ್ಲ, ಹಾಗೆ. ಆದರೆ ಹೆಂಡತಿಯ ತಕರಾರು ಅದಲ್ಲ. ಅವಳದು ಹಳೆಯದು.

2015ರ ಅಕ್ಟೋಬರ್ 17, ಅದೂ ಶನಿವಾರ. ನವರಾತ್ರಿ. ಪರಿಚಯದವರ ಮನೆಯಲ್ಲಿ ಗೊಂಬೆ ಕೂರಿಸಿದ್ದರು, ಏಳಕ್ಕೆ ಬನ್ನಿ ಅಂದಿದ್ದರು. ಹೆಂಡತಿ ರೇಷ್ಮೆ ಸೀರೆ ಉಟ್ಟು, ಮಡಿಲಲ್ಲಿ ತಟ್ಟೆ ಇಟ್ಟುಕೊಂಡು ಕಾರಿನಲ್ಲಿ ಕೂತಾಗಿತ್ತು. ಒಳಗೆ ಟಿವಿಯಲ್ಲಿ ಮಿಷಿಗನ್ ಸ್ಟೇಟ್ ಅನ್ನುವ, ನಮ್ಮದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿಯ ಮೇಲೆ ನಾವು 23-21 ಮುಂದಿದ್ದೆವು. ಉಳಿದದ್ದು ಹತ್ತು ಸೆಕೆಂಡ್. ಚೆಂಡು ನಮ್ಮದೇ, ಎತ್ತಿ ದೂರ ಒದ್ದುಬಿಟ್ಟರೆ ಮುಗಿಯಿತು. ಹೊರಗಿನಿಂದ ಹಾರ್ನ್. "ಹತ್ತು ಸೆಕೆಂಡ್ ಕಣೇ, ಬಂದೆ" ಅಂತ ಕೂಗಿದೆ. ಒಂದು ಕಾಲಿಗೆ ಬೂಟು ಹಾಕಿದೆ. ಲೇಸ್ ಕಟ್ಟಿದೆ. ತಲೆ ಎತ್ತಿದೆ.

ಒದೆಯಬೇಕಾದವನು ಬ್ಲೇಕ್ ಓನೀಲ್, ಆಸ್ಟ್ರೇಲಿಯಾದಿಂದ ಬಂದ ಹುಡುಗ. ಅದೇ ಆಟದಲ್ಲಿ 80 ಗಜ ದೂರ ಒದ್ದವನು. ಈಗ ತಗ್ಗಾಗಿ ಬಂದ ಚೆಂಡು ಅವನ ಕೈಗೆ ಕೂರಲಿಲ್ಲ. ಹೆಕ್ಕಿದ. ತಿರುಗಿ ಹೇಗಾದರೂ ಒದೆಯೋಣ ಅಂತ ಹೋದ. ಅಷ್ಟರಲ್ಲಿ ಮೈಮೇಲೆ ಬಿದ್ದರು. ಚೆಂಡು ಹಾರಿತು. ಹಾರಿ, ಪೂಜೆ ಮುಗಿಸಿ ಪ್ರಸಾದ ಕೊಟ್ಟಷ್ಟು ನಯವಾಗಿ, ಎದುರು ತಂಡದ ಜೇಲನ್ ವಾಟ್ಸ್-ಜಾಕ್ಸನ್ ಕೈಗೆ ಹೋಗಿ ಕೂತಿತು. ಅವನು 38 ಗಜ ಓಡಿದ. ಗಡಿಯಾರದಲ್ಲಿ ಸೊನ್ನೆ. 27-23. ಗೆರೆ ದಾಟಿ ಬಿದ್ದವನ ಸೊಂಟದ ಕೀಲು ಮುರಿದಿತ್ತು ಅಂತ ಆಮೇಲೆ ಗೊತ್ತಾಯಿತು. ಗೆದ್ದವನು ಆಸ್ಪತ್ರೆಗೆ ಹೋದ. ನಾನು ಗೊಂಬೆ ನೋಡಲು ಹೋದೆ.

ಅವರ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ನೋಡಿಕೊಂಡೆ. ಒಂದು ಕಾಲಲ್ಲಿ ಲೇಸ್ ಕಟ್ಟಿದ ಬೂಟು. ಇನ್ನೊಂದರಲ್ಲಿ ಮನೆಯೊಳಗೆ ಹಾಕುವ ರಬ್ಬರ್ ಚಪ್ಪಲಿ.

ಬಾಗಿಲು ತೆಗೆದ ಯಜಮಾನರು ಹಸಿರು ಜುಬ್ಬಾ ತೊಟ್ಟಿದ್ದರು. ಮಿಷಿಗನ್ ಸ್ಟೇಟ್‌ನ ಬಣ್ಣ ಹಸಿರು, ನಮ್ಮದು ನೀಲಿ ಮತ್ತು ಹಳದಿ. ಅವರು ಮಿಷಿಗನ್ ಸ್ಟೇಟ್‌ನಲ್ಲಿ ಎಂ.ಎಸ್. ಮಾಡಿದವರು ಅನ್ನುವುದು ನನಗೆ ಆ ಕ್ಷಣದ ತನಕ ಮರೆತೇಹೋಗಿತ್ತು. "ಬನ್ನಿ ಬನ್ನಿ" ಅಂದರು. ಆ ಎರಡು ಬನ್ನಿಗಳ ನಡುವೆ ಇದ್ದ ಖುಷಿ ಹಬ್ಬದ್ದಲ್ಲ. ಒಂಬತ್ತು ಮೆಟ್ಟಿಲು ಗೊಂಬೆ. ಮೇಲೆ ಪಟ್ಟದ ರಾಜ ರಾಣಿ, ಅದರ ಕೆಳಗೆ ದಶಾವತಾರ, ಆಮೇಲೆ ಚನ್ನಪಟ್ಟಣದ ಸೈನಿಕರು, ತರಕಾರಿ ಅಂಗಡಿ ಶೆಟ್ಟರು. ಕೊನೆಯ ಮೆಟ್ಟಿಲಲ್ಲಿ ಅವರ ಮಗ ಹಸಿರು ಕಾರ್ಪೆಟ್ ಹಾಸಿ ಫುಟ್‌ಬಾಲ್ ಮೈದಾನ ಮಾಡಿದ್ದ. ಹಸಿರು ಗೊಂಬೆಗಳು ನಿಂತಿದ್ದವು. ನೀಲಿ ಗೊಂಬೆಯೊಂದನ್ನು ಬೋರಲು ಮಲಗಿಸಿತ್ತು. ಮಗ ಮಲಗಿಸಿದ್ದೋ ಅಪ್ಪ ಮಲಗಿಸಿದ್ದೋ ಕೇಳಲಿಲ್ಲ.

"ನೀವೇನೂ ಅಲ್ಲಿ ಓದಿದೋರಲ್ವಲ್ಲ, ಬಿಡಿ" ಅಂದರು ಯಜಮಾನರು, ಉಸಲಿಯ ಬಟ್ಟಲು ಕೈಗಿಡುತ್ತಾ. ನನ್ನಂಥವರಿಗೆ ಅವರಲ್ಲೊಂದು ಹೆಸರೇ ಇದೆ. ವಾಲ್‌ಮಾರ್ಟ್ ವುಲ್ವರೀನ್. ವುಲ್ವರೀನ್ ಅನ್ನುವುದು ನಮ್ಮ ತಂಡದ ಹೆಸರು. ಕ್ಲಾಸಿನಲ್ಲಿ ಕೂತವನಲ್ಲ, ವಾಲ್‌ಮಾರ್ಟ್‌ನಲ್ಲಿ ಟೀಶರ್ಟ್ ಕೊಂಡವನು ಅಂತ ಅರ್ಥ. ಅದನ್ನೂ ಅಂದರು, ನಗುತ್ತಲೇ. ಒಂದು ಮಾತು ಕೇಳುತ್ತೇನೆ. ದೇವಸ್ಥಾನ ಕಟ್ಟಿಸಿದವರ ಮನೆತನದವರು ಮಾತ್ರ ತೇರು ಎಳೆಯಬೇಕಾ? ಆವಾಗ ಹೊಳೆಯಲಿಲ್ಲ, ಕಾರಿನಲ್ಲಿ ಹೊಳೆಯಿತು. ಒಳ್ಳೇ ಉತ್ತರಗಳೆಲ್ಲ ನನಗೆ ಕಾರಿನಲ್ಲೇ ಹೊಳೆಯುವುದು.

ಹೆಂಗಸರು ಹಾಡು ಶುರು ಮಾಡಿದರು. ನಾನು ಮೂರು ಬಟ್ಟಲು ಉಸಲಿ ತಿಂದೆ. ಕಣ್ಣು ಆ ನೀಲಿ ಗೊಂಬೆಯ ಮೇಲೆಯೇ. ಆರತಿಗೆ ಅಂತ ಎಲ್ಲರೂ ಕಣ್ಣು ಮುಚ್ಚಿದಾಗ ಮೆಲ್ಲಗೆ ಬಗ್ಗಿ ಅದನ್ನು ಎತ್ತಿ ನಿಲ್ಲಿಸಿದೆ. ಅಲ್ಲಿಗೇ ಬಿಡಬಹುದಿತ್ತು. ಬಿಡದೆ ಪಕ್ಕದ ಹಸಿರು ಗೊಂಬೆಯನ್ನು ಬೆರಳಿನಿಂದ ತಟ್ಟಿದೆ. ಅದು ಸುಮ್ನೆ ಬೀಳದೆ ಉರುಳಿಕೊಂಡು ಹೋಗಿ ತುಪ್ಪದ ದೀಪಕ್ಕೆ ಬಡಿಯಿತು. ಬೆಂಕಿ ಏನೂ ಹತ್ತಲಿಲ್ಲ, ಕಾರ್ಪೆಟ್ ಸ್ವಲ್ಪ ನೆನೆಯಿತು. ಯಜಮಾನತಿ ಕಣ್ಣು ಮುಚ್ಚಿರಲಿಲ್ಲ.

ಮರುವರ್ಷ ಆ ಮನೆಯಿಂದ ಹೆಂಡತಿಗೆ ಫೋನ್ ಬಂತು. "ನೀವು ಬನ್ನಿ. ಅವರಿಗೆ ಕೆಲಸವಿದ್ದರೆ ಬಲವಂತ ಮಾಡಬೇಡಿ."

ಆ ಆಸ್ಟ್ರೇಲಿಯಾದ ಹುಡುಗನಿಗೆ ಅವತ್ತು ಜನ ಏನೇನೋ ಹೊಲಸು ಮಾತು ಬರೆದು ಕಳಿಸಿದರು. ದೊಡ್ಡವರು, ಮಕ್ಕಳೊಂದಿಗರು. ನಾನು ಬರೆಯಲಿಲ್ಲ. ಬರೆಯಲಿಲ್ಲ, ಅಷ್ಟೇ. ವಾಪಸ್ ಬರುವಾಗ ಕಾರಿನಲ್ಲಿ ಅಂದೆ. ಹೆಂಡತಿ ಮನೆ ಬರುವ ತನಕ ಮಾತಾಡಲಿಲ್ಲ.

ಇರಲಿ. ಎಲ್ಲಿದ್ದೆ? ಹತ್ತು ನಿಮಿಷ.

10-10 ಸಮ ಇತ್ತು, ಕೊನೆಯ ಭಾಗ. ಅಮ್ಮ ಚಳಿ ಅಂತ ಎದ್ದುಹೋಗಿ ಕೆಂಪು ಶಾಲು ಹೊದ್ದುಕೊಂಡು ಬಂದಳು. ಓಹಿಯೋ ಸ್ಟೇಟ್‌ನವರ ಬಣ್ಣ ಕೆಂಪು. ಅವರು ಈ ವಾರ ಕಾಲೇಜಿನಲ್ಲಿ ಎಂ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪ್ ಅಂಟಿಸಿ ಕಾಟು ಹೊಡೆಯುತ್ತಾರೆ. ಅದಕ್ಕೆ ಬದಲಾಗಿ ನಮ್ಮ ಮನೆಯಲ್ಲಿ ಕೆಂಪು ನಿಷೇಧ. ಟೊಮೆಟೊ ಸಾರು ಇಲ್ಲ. ಕುಂಕುಮಕ್ಕೆ ಮಾತ್ರ ರಿಯಾಯಿತಿ. ಕಷ್ಟವಾಗುವುದು ರಾಜ್ಯೋತ್ಸವಕ್ಕೆ. ನಮ್ಮ ಬಾವುಟದಲ್ಲಿ ಅರ್ಧ ಅರಿಶಿನ, ಅದು ಮಿಷಿಗನ್. ಅರ್ಧ ಕುಂಕುಮ, ಅದು ಅವರು. ನಾನು ಶಲ್ಯವನ್ನು ಕೆಂಪು ಒಳಗಾಗುವ ಹಾಗೆ ಮಡಿಸಿ ಹೊದೆಯುತ್ತೇನೆ. ಇಷ್ಟು ವರ್ಷ ಯಾರೂ ಗಮನಿಸಿಲ್ಲ.

"ಅಮ್ಮ, ಆ ಶಾಲು..." ಅಂದೆ.

"ಏನಾಗಿದೆ? ನೀನೇ ಕೊಡಿಸಿದ್ದು."

ತೆಗಿ ಅನ್ನೋಕೆ ಬಾಯಿ ಬರಲಿಲ್ಲ. ಅದೇ ಹೊತ್ತಿಗೆ ನಮ್ಮ ಕಲೆಲ್ ಮಲ್ಲಿಂಗ್ಸ್ ಚೆಂಡು ಅವಚಿಕೊಂಡು, ಗುಂಪಿನೊಳಗೆ ಹೊಕ್ಕು, ಹೊರಬಂದು 27 ಗಜ ಓಡಿಬಿಟ್ಟ. ಇನ್ನು 45 ಸೆಕೆಂಡ್ ಇರುವಾಗ ಡೊಮಿನಿಕ್ ಜ್ವಾಡಾ ಒದ್ದ. 13-10. ಗೆದ್ದೆವು. ಅಂದರೆ ಕಾಲ್ಗುಣ ಅಮ್ಮನದು, ಕೆಂಪು ಶಾಲಿನ ಸಮೇತ. ಹಾಗಾದರೆ ಇಷ್ಟು ವರ್ಷ ಬಿಟ್ಟ ಟೊಮೆಟೊ ಸಾರಿನ ಗತಿಯೇನು? ಅದನ್ನು ಯೋಚಿಸಬಾರದು ಅಂತ ನಿರ್ಧರಿಸಿದೆ. ಇಷ್ಟೆಲ್ಲ ಆಗಿ, ಸೋತ ಆ ಓಹಿಯೋದವರೇ ಜನವರಿಯಲ್ಲಿ ದೇಶದ ಚಾಂಪಿಯನ್ ಆದರು. ಅದನ್ನು ಬರೆಯಬಾರದು ಅಂತಲೂ ಇದ್ದೆ.

ಆಟ ಮುಗಿಯಿತು. ನಮ್ಮ ಹುಡುಗರು ದೊಡ್ಡ ಬಾವುಟ ತಂದು ಅವರ ಮೈದಾನದ ನಟ್ಟನಡುವೆ ನೆಡಲು ಹೋದರು. ಅವರು ಕಿತ್ತುಕೊಳ್ಳಲು ಬಂದರು. ಮುಷ್ಟಿ, ನೂಕಾಟ, ಪೊಲೀಸರು, ಕಣ್ಣಿಗೆ ಪೆಪ್ಪರ್ ಸ್ಪ್ರೇ. ಅಮ್ಮ ಮೂರೂವರೆ ಗಂಟೆಯಲ್ಲಿ ಮೊದಲ ಸಲ ಹತ್ತಿ ಕೆಳಗಿಟ್ಟಳು.

"ಈಗ ಶುರುವಾಯ್ತು ನೋಡು" ಅಂದಳು.

"ಮುಗೀತು ಅಮ್ಮ. ಗೆದ್ದೆವು."

"ಏನು ಮುಗಿಯೋದು, ಈಗ ತಾನೆ ಹೊಡೆದಾಡ್ತಿದಾರೆ. ಯಾಕಂತೆ?"

"ಬಾವುಟ ನೆಟ್ಟಿದ್ದಕ್ಕೆ."

"ಯಾರ ನೆಲದಲ್ಲಿ?"

"ಅವರದ್ದರಲ್ಲಿ."

ಅಮ್ಮ ಸ್ವಲ್ಪ ಹೊತ್ತು ನೋಡಿದಳು. ಪೊಲೀಸಿನವನೊಬ್ಬ ಕಣ್ಣುಜ್ಜಿಕೊಳ್ಳುತ್ತಿದ್ದ ಹುಡುಗನನ್ನು ಪಕ್ಕಕ್ಕೆ ತಳ್ಳಿದ.

"ತಪ್ಪು ನಿನ್ನ ಹುಡುಗರದ್ದೇ ಕಣೋ. ಚೆನ್ನಾಗಿ ಬೈದು ಹೇಳು" ಅಂದು ಮತ್ತೆ ಹತ್ತಿ ಎತ್ತಿಕೊಂಡಳು.

ನಾನು ಶಲ್ಯ ಹುಡುಕಿಕೊಂಡು ಬಂದೆ. ಬಾಗಿಲಲ್ಲಿ ಕಾರಿನ ಕೀಲಿ ಹಿಡಿದು ನಿಂತಿದ್ದ ಹೆಂಡತಿ ಏನೂ ಅನ್ನಲಿಲ್ಲ. ಬಗ್ಗಿ ನನ್ನ ಎರಡೂ ಕಾಲು ನೋಡಿದಳು.