ಹಣದುಬ್ಬರದ ಪೆಟ್ಟು ಎಲ್ಲರಿಗೂ ಒಂದೇ?

ಉಡುಪಿಯ ನಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಮತ್ತೆ ಆ ಸಂದೇಶ ಬಂದಿದೆ: "ಹಣದುಬ್ಬರ ಎಲ್ಲರನ್ನೂ ಸಮಾನವಾಗಿ ಬಾಧಿಸುತ್ತದೆ. ಅದು ಶೂನ್ಯವಾದರೆ ದೇಶ ತಾನಾಗಿ ಬೆಳೆಯುತ್ತದೆ." ಎರಡೂ ಮಾತು ಸರಿಯಲ್ಲ.

ಬೀಡಿ ಕಟ್ಟುವವರ ಮನೆಯಲ್ಲಿ ಗಳಿಕೆಯ ದೊಡ್ಡ ಪಾಲು ಕುಚ್ಚಲಕ್ಕಿ, ತೆಂಗಿನೆಣ್ಣೆ, ಬಂಗುಡೆಗೇ ಹೋಗುತ್ತದೆ. ಊಟದ ಬೆಲೆ ಏರಿದರೆ ಅವರಿಗೆ ಕಡಿತ ಮಾಡಲು ಬೇರೆ ಖರ್ಚೇ ಇರುವುದಿಲ್ಲ. ಜಾಗ, ಚಿನ್ನ ಇರುವವರಿಗೆ ಆಸ್ತಿಯ ಮೌಲ್ಯವೂ ಏರುವ ಸಾಧ್ಯತೆ ಇದೆ. ಉಳಿತಾಯದ ಕಥೆ ಇನ್ನೂ ಕಹಿ. 1928ರಲ್ಲಿ ಉಡುಪಿಯಲ್ಲೇ ಶುರುವಾದ ಪಿಗ್ಮಿ ಠೇವಣಿಯನ್ನು ನೆನೆಯಿರಿ: ದಿನಕ್ಕಿಷ್ಟು ಎಂದು ಕೂಡಿಟ್ಟ 100 ರೂಪಾಯಿ ಶೇ 4ರ ಬಡ್ಡಿಯಲ್ಲಿ ವರ್ಷಕ್ಕೆ 104 ಆಯಿತು ಎನ್ನೋಣ. ಅಷ್ಟರಲ್ಲಿ ಬೆಲೆಗಳು ಶೇ 6 ಏರಿದ್ದರೆ ಅದೇ ಸಾಮಾನಿಗೆ 106 ಬೇಕು. ಪುಸ್ತಕದಲ್ಲಿ ಲಾಭ, ಅಂಗಡಿಯಲ್ಲಿ ನಷ್ಟ. (ನಿಗದಿತ ಬಡ್ಡಿಗೆ ಸಾಲ ಮಾಡಿದವರ ಹೊರೆ ಮಾತ್ರ ಹಗುರ, ತೀರಿಸುವ ರೂಪಾಯಿಯ ಮೌಲ್ಯ ಇಳಿದಿರುತ್ತದೆ; ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.)

ಇನ್ನು ಶೂನ್ಯದ ಮಾತು. ರಿಸರ್ವ್ ಬ್ಯಾಂಕಿಗೆ 2016ರಲ್ಲಿ ಗೊತ್ತುಮಾಡಿದ ಹಣದುಬ್ಬರದ ಗುರಿಯೇ ಶೂನ್ಯವಲ್ಲ, ಶೇ 4; ಆಚೀಚೆ ಎಂದರೆ ಶೇ 2ರಿಂದ ಶೇ 6ರವರೆಗೆ. 1990ರ ದಶಕದ ಕೊನೆಯಿಂದ ಜಪಾನಿನಲ್ಲಿ ಬೆಲೆಗಳು ಕುಸಿದವು. ಬೆಳವಣಿಗೆ ಚಿಗುರಲಿಲ್ಲ, ಸಂಬಳಗಳೂ ಮೇಲೇಳಲಿಲ್ಲ.

ಬೆಳವಣಿಗೆಗೆ ಬೇಕಾದ್ದು ಶೂನ್ಯವಲ್ಲ, ಸ್ಥಿರತೆ. ಹೊಸ ಆವಿಷ್ಕಾರಕ್ಕೆ ಬೆಲೆಗಳ ಏರಿಳಿತವೇ ಶತ್ರು. ಮಣಿಪಾಲದ ಪ್ರಯೋಗಾಲಯವಾಗಲಿ, ಮಲ್ಪೆಯ ದೋಣಿಗೆ ಹೊಸ ಎಂಜಿನ್ ರೂಪಿಸುವವರಾಗಲಿ, ಖರ್ಚು ಇಂದು, ಗಳಿಕೆ ವರ್ಷಗಳ ನಂತರ. ಮುಂದಿನ ಬೆಲೆ, ಬಡ್ಡಿ ಅಂದಾಜಿಗೆ ಸಿಗದಿದ್ದರೆ ಹಣ ಹೂಡುವವರು ಚಿನ್ನದಂಗಡಿಯತ್ತ ಹೊರಳುತ್ತಾರೆ.