ಬೇಕಲಕ್ಕೆ ಮಧ್ಯಾಹ್ನ ಹನ್ನೆರಡಕ್ಕೆ ಬರಬೇಡಿ

"ಕಾಸರಗೋಡಲ್ಲಿ ಎರಡು ದಿನಕ್ಕೆ ಏನೆಲ್ಲ ನೋಡಬಹುದು?" ಅಂತ ಕೇಳಿದವರಿಗೆ ನಾನು ತಿರುಗಿ ಕೇಳುವುದು ಎರಡೇ: ಯಾವ ತಿಂಗಳಲ್ಲಿ ಬರ್ತೀರಿ? ಮೀನು ತಿನ್ತೀರಾ? ಕೆಲವರಿಗೆ ಸಿಟ್ಟು ಬರುತ್ತದೆ. ತಾವು ಕೇಳಿದ್ದು ಜಾಗ, ಈ ಜನ ಊಟದ ಸುದ್ದಿ ಎತ್ತುತ್ತದಲ್ಲ ಎಂದು. ಆದರೆ ನಮ್ಮ ಜಿಲ್ಲೆಯಲ್ಲಿ ಊಟ ಎಲ್ಲಿ, ಎಷ್ಟು ಹೊತ್ತಿಗೆ ಎಂದು ಮೊದಲು ಗೊತ್ತುಮಾಡದೆ ಹಾಕಿದ ಯಾವ ಪ್ಲಾನೂ ನೆಟ್ಟಗೆ ಹೋಗುವುದಿಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ, ಯಾರು ಬೇಕಾದರೂ ಜಗಳಕ್ಕೆ ಬನ್ನಿ.

ಮೊದಲು ನಾನು ಗೈಡ್ ಆಗಿದ್ದೆ. ಗೈಡ್‌ನ ಕೈಗೆ ಜನ ಸಿಗುವುದು ಬೇರೆ ಯಾರೋ ಹಾಕಿದ ಪ್ಲಾನಿನ ನಡುಮಧ್ಯದಲ್ಲಿ. ಬೆಳಿಗ್ಗೆ ಮಂಗಳೂರು ಬಿಟ್ಟು, ಅನಂತಪುರ, ಮಧೂರಿನ ದೇವಸ್ಥಾನ ಮುಗಿಸಿ, ನಡುಹಗಲ ಬಿಸಿಲಿಗೆ ಸರಿಯಾಗಿ ಬೇಕಲ ಕೋಟೆಯ ಬಾಗಿಲಲ್ಲಿ ಇಳಿಯುತ್ತಿದ್ದರು. ಸುಮಾರು 40 ಎಕರೆಯ ಕೋಟೆ, ಸುತ್ತಲೂ ಮುರಕಲ್ಲು (ಜಂಬಿಟ್ಟಿಗೆ), ನೆರಳಿಗೆ ಗತಿ ಇಲ್ಲ. ಕೆಳದಿಯ ಶಿವಪ್ಪ ನಾಯಕ, 17ನೇ ಶತಮಾನ, ಆಮೇಲೆ ಹೈದರ್, ಟಿಪ್ಪು, ಕಂಪೆನಿ ಸರಕಾರ ಎಂದು ನಾನು ಶುರುಮಾಡಿದರೆ ಎದುರಿಗಿದ್ದವರು "ಅರಮನೆ ಯಾವ ಕಡೆ?" ಎನ್ನುವರು. ಅರಮನೆ ಇಲ್ಲ ಸರ್, ಕಡಲಿನ ಮೇಲೆ ಕಣ್ಣಿಡಲಿಕ್ಕೆಂದೇ ಕಟ್ಟಿದ್ದು ಎನ್ನುವಷ್ಟರಲ್ಲಿ ಹಿಂದಿನಿಂದ ಒಬ್ಬರು, "ಹತ್ತಿರದಲ್ಲಿ ನಾರ್ತ್ ಇಂಡಿಯನ್ ಸಿಗ್ತದಾ?" ಅವರದೇನೂ ತಪ್ಪಿಲ್ಲ ಮಾರಾಯ್ರೆ, ಹೊಟ್ಟೆ ಹಸಿದವರಿಗೆ ಶಿವಪ್ಪ ನಾಯಕ ಬಂದರೇನು, ಬಿಟ್ಟರೇನು? ಮಾತಾಡುವುದು ಗೈಡ್‌ನ ಕೈಯಲ್ಲಿತ್ತು, ಹೊತ್ತು ಅವನ ಕೈಯಲ್ಲಿರಲಿಲ್ಲ. ಆ ಕೆಲಸ ಬಿಟ್ಟು ಪ್ರವಾಸದ ಪ್ಲಾನ್ ಹಾಕಲು ಕೂತದ್ದೇ ಆ ಹೊತ್ತಿನ ಆಸೆಗೆ.

ಈಗ ನನ್ನ ಪ್ಲಾನಿನಲ್ಲಿ ಬೇಕಲ ಬೆಳಿಗ್ಗೆ, ಬಾಗಿಲು ತೆಗೆಯುವ ಹೊತ್ತಿಗೆ. ಅದಕ್ಕೂ ಮೊದಲು ಯಾವುದಾದರೂ ಸಣ್ಣ ಹೋಟೆಲಿನಲ್ಲಿ ಪುಟ್ಟು, ಕಡಲೆ ಕರಿ, ಒಂದು ಗ್ಲಾಸು ಚಾಯ. ಹೊಟ್ಟೆ ತಣ್ಣಗಾದ ಮೇಲೆ ನಡುವಿನ ಬುರುಜಿನ ಇಳಿಜಾರು ಹತ್ತಿಸಿ ನಿಲ್ಲಿಸಿದರೆ ಯಾರೂ ಅರಮನೆ ಕೇಳುವುದಿಲ್ಲ. ಉತ್ತರಕ್ಕೂ ದಕ್ಷಿಣಕ್ಕೂ ಕರಾವಳಿ ಎಷ್ಟು ದೂರ ಕಾಣುತ್ತದೆ ಎಂದು ನೋಡಿದವರಿಗೆ ಕೆಳದಿಯವರು ಇಲ್ಲೇ ಯಾಕೆ ಕಲ್ಲು ಹೊತ್ತರೆಂದು ಗೈಡ್ ಹೇಳಬೇಕಾಗಿಯೂ ಇಲ್ಲ. ಗಂಟೆ ಹತ್ತಾಗುವ ಮೊದಲೇ ಹೊರಡಬೇಕು.

ಎಲ್ಲಿಗೆ ಹೊರಡಬೇಕು ಎಂಬಲ್ಲಿ ನನ್ನದೊಂದು ತಕರಾರು ಉಂಟು. ಕೇರಳದ ಕಡೆಯಿಂದ ಬರುವ ಪ್ಯಾಕೇಜುಗಳಿಗೆ ಕಾಸರಗೋಡು ಶುರುವಾಗುವುದೇ ಬೇಕಲದಿಂದ, ಅಲ್ಲಿಂದ ತೆಂಕು ಮುಖ. ಕರ್ನಾಟಕದ ಬಸ್ಸುಗಳಿಗೆ ಕಾಸರಗೋಡೆಂದರೆ ಎರಡು ದೇವಸ್ಥಾನ, ಒಂದು ಕೋಟೆ, ಸಂಜೆಗೆ ಗಡಿಯ ತಲಪಾಡಿ ದಾಟಿ ಮನೆ. ಇಬ್ಬರೂ ಬಿಡುವುದು ಚಂದ್ರಗಿರಿ ಹೊಳೆಯ ಬಡಗಿನ ಒಳನಾಡನ್ನು. ಬದಿಯಡ್ಕ, ಪೆರ್ಲ, ಬಾಯಾರು, ಪೈವಳಿಕೆ. 1956ರ ನವೆಂಬರ್ 1ಕ್ಕೆ ಗಡಿ ಬಿದ್ದಾಗ ಕೇರಳಕ್ಕೆ ಸೇರಿದ, ಮಾತಲ್ಲಿ ಕನ್ನಡ, ತುಳು, ಮಲೆಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು ಎಲ್ಲ ಕಲಸಿಹೋದ ಊರುಗಳು. ಏಳು ಭಾಷೆಯ ನೆಲ ಎಂದು ವೇದಿಕೆ ಮೇಲೆ ಹೇಳುವುದು ಸುಲಭ. ಅದು ನಾಲಿಗೆಗೆ ಗೊತ್ತಾಗಬೇಕಾದರೆ ಇಲ್ಲಿ ಎರಡು ಹೊತ್ತು ಉಣ್ಣಬೇಕು.

ನನ್ನನ್ನೇ ಕೇಳಿದರೆ ಮಳೆಗಾಲದಲ್ಲಿ ಬನ್ನಿ ಎಂದೇನು. ಜುಲೈ ಕೊನೆಯವರೆಗೆ ಟ್ರಾಲಿಂಗ್ ನಿಷೇಧ, ಮೀನು ಕಡಿಮೆ, ರೇಟು ಜಾಸ್ತಿ. ಇರಲಿ. ಜುಲೈ ನಡುವಿಗೆ ಶುರುವಾಗುವ ತುಳು ತಿಂಗಳು ಆಟಿಯಲ್ಲಿ ಈ ಕಡೆಯ ಅಡುಗೆಮನೆಗಳು ಮಾಡುವುದನ್ನು ಬೇರೆ ತಿಂಗಳಲ್ಲಿ ಹಣ ಸುರಿದರೂ ಪಡೆಯಲಿಕ್ಕಾಗದು. ಕೆಸುವಿನೆಲೆಯ ಪತ್ರೊಡೆ, ಕಣಿಲೆ (ಎಳೆ ಬಿದಿರು) ಪಲ್ಯ, ತಜಂಕ್‌ನ ಅಂಬಡೆ, ಭರಣಿಯಿಂದ ತೆಗೆದ ಉಪ್ಪುಸೊಳೆಯ (ಉಪ್ಪು ಹಾಕಿಟ್ಟ ಹಲಸಿನ ಸೊಳೆ) ಉಂಡ್ಲಕಾಳು. ಹಲಸನ್ನು ಕೇರಳ ಸರಕಾರ 2018ರಲ್ಲಿ ರಾಜ್ಯದ ಹಣ್ಣೆಂದು ಘೋಷಿಸಿತು, ಒಳ್ಳೆಯದೇ. ನಮ್ಮ ಕಡೆಯ ಹವ್ಯಕರ ಮನೆಗಳಲ್ಲಿ ಅದು ಎಂದೋ ಪಟ್ಟಕ್ಕೇರಿದ್ದು: ಎಳೆಯ ಗುಜ್ಜೆಯ ಪಲ್ಯದಿಂದ ಹಿಡಿದು ಸೊಳೆಯ ಬೆಂದಿ, ಹಪ್ಪಳ, ಬಾಳೆ ಎಲೆಯಲ್ಲಿ ಬೇಯಿಸಿದ ಕೊಟ್ಟಿಗೆ ಎಂಬ ಕಡುಬು, ಕೊನೆಗೆ ಬೀಜದ ಸಾರಿನವರೆಗೆ ಒಂದೇ ಮರದ ಮೇಲೆ ಇಡೀ ಊಟ ನಿಲ್ಲುತ್ತದೆ.

ಒಳನಾಡಿನ ಒಂದು ತೋಟದ ಮನೆಯಲ್ಲಿ ಹೇಳಿಟ್ಟರೆ ಊಟ ಸಿಗುತ್ತದೆ. ಬೋರ್ಡು ಇಲ್ಲ, ಹೆಸರು ಇಲ್ಲಿ ಹಾಕುವುದೂ ಇಲ್ಲ. ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಮೇಲಾರ, ಕೊದಿಲು, ಸಾಸಮೆ, ಮಿಡಿ ಉಪ್ಪಿನಕಾಯಿ, ಮಜ್ಜಿಗೆ. ಕಾಟುಮಾವಿನಹಣ್ಣಿನ ಕಾಲವಾದರೆ ಅದರ ಗೊಜ್ಜು ಇದ್ದೇ ಇರುತ್ತದೆ, ಗೊರಟು ಚೀಪುತ್ತಾ ಮಾತು ನಿಲ್ಲಿಸಿಬಿಡುತ್ತಾರೆ ಎಂಥೆಂಥ ದೊಡ್ಡ ಮನುಷ್ಯರೂ. ಇಲ್ಲಿ ನನ್ನ ನಿಯಮ ಎರಡು. ಹಿಂದಿನ ದಿನವೇ ತಲೆ ಲೆಕ್ಕ ಹೇಳಬೇಕು, ಏಕೆಂದರೆ ಇದರಲ್ಲಿ ಅರ್ಧ ಅಡುಗೆ ಬೆಳಿಗ್ಗೆ ಬೇಗ ತೆಂಗಿನಕಾಯಿ ಅರೆಯುವಲ್ಲಿಂದ ಶುರುವಾಗುತ್ತದೆ. ಎರಡನೆಯದು, ದುಡ್ಡು ಅಡುಗೆ ಮಾಡಿದ ಅಕ್ಕನ ಕೈಗೇ ಹೋಗಬೇಕು. "ಮನೆಯೂಟ" ಎಂದು ದೊಡ್ಡದಾಗಿ ಬರೆದು, ಮನೆಯವರಿಗೆ ಚಿಲ್ಲರೆ ಕೊಟ್ಟು, ಉಳಿದದ್ದನ್ನು ಮಧ್ಯದವರು ತಿನ್ನುವ ಪದ್ಧತಿ ಈಗೀಗ ಬೆಳೆಯುತ್ತಾ ಉಂಟು. ಅಂಥ ಕಡೆ ತಂಬುಳಿ ಎಷ್ಟು ರುಚಿಯಾಗಿದ್ದರೂ ನಾನು ಜನ ಕಳಿಸುವುದಿಲ್ಲ.

ಊಟದ ಮೇಲೆ ಹತ್ತಿರದ ಸುರಂಗ ತೋರಿಸುತ್ತೇನೆ. ಗುಡ್ಡದ ಮುರಕಲ್ಲಿಗೆ ಅಡ್ಡಕ್ಕೆ ಕೊರೆದ, ಒಬ್ಬ ಆಳು ಬಗ್ಗಿ ಹೋಗುವಷ್ಟು ಅಗಲದ ನೀರಿನ ಬಿಲ. ಒಳಗೆ ಕಲ್ಲಿನಿಂದ ಜಿನುಗುವ ನೀರು ಪಂಪು ಇಲ್ಲದೆ ತಾನೇ ಹರಿದು ಹೊರಗಿನ ಮಣ್ಣಿನ ಕೆರೆಗೆ ಬೀಳುತ್ತದೆ, ಅಲ್ಲಿಂದ ಅಡಿಕೆ ತೋಟಕ್ಕೆ. ಕೊರೆಯುವವರು ದೀಪ ಹಿಡಿದು ಹೋಗುತ್ತಿದ್ದರು, ದೀಪ ಸಣ್ಣದಾದರೆ ಗಾಳಿ ಸಾಲದೆಂದು ಅರ್ಥ. ಜಿಲ್ಲೆಯ ಈ ಭಾಗದಲ್ಲಿ ಇವು ಸಾವಿರಗಟ್ಟಲೆ ಉಂಟು. ಆದರೂ ಪ್ರವಾಸದ ಪಟ್ಟಿಗಳಲ್ಲಿ ಇದರ ಸುದ್ದಿ ಕಾಣುವುದು ಅಪರೂಪ. ಈಗಷ್ಟೇ ಉಂಡ ತಂಬುಳಿಯ ನೀರು ಎಲ್ಲಿಂದ ಬಂತು ಎಂದು ಕಣ್ಣಾರೆ ನೋಡಿದವರಿಗೆ ಕೋಟೆಗಿಂತ ಇದೇ ಹೆಚ್ಚು ನೆನಪಿರುತ್ತದೆ. (ಒಳಗೆ ನುಗ್ಗಲು ಹೊರಟ ಸೆಲ್ಫಿ ವೀರರನ್ನು ಮನೆಯವರೇ ಬೈದು ಕಳಿಸುತ್ತಾರೆ, ನನಗೆ ಆ ಕೆಲಸ ಇಲ್ಲ.)

ದೇವಸ್ಥಾನಗಳ ಬಗ್ಗೆ ಎಲ್ಲರಿಗೂ ಗೊತ್ತು, ಹಾಗಾಗಿ ಸ್ವಲ್ಪದರಲ್ಲೇ ಹೇಳುತ್ತೇನೆ. ಮಧೂರಿನಲ್ಲಿ ಅಪ್ಪ ಪ್ರಸಾದ ತೆಗೆದುಕೊಳ್ಳದೆ ಹೊರಡುವುದು ಬೇಡ. ದೇವಸ್ಥಾನ ಮದನಂತೇಶ್ವರನದ್ದಾದರೂ ಹೆಸರು ಗಣಪತಿಯದ್ದು. ಅವನನ್ನು ಅಪ್ಪದಲ್ಲೇ ಮುಚ್ಚುವ ಮೂಡಪ್ಪ ಸೇವೆ 1992ರ ಬಳಿಕ 2025ರಲ್ಲಿ ನಡೆಯಿತು. ನೋಡದವರು ಮುಂದಿನದಕ್ಕೆ ಆಯುಸ್ಸು ಕೇಳಿಕೊಳ್ಳಿ. ಅನಂತಪುರದಲ್ಲಿ ಕೆರೆಯ ನಡುವಿನ ಗುಡಿಗಿಂತ ಮೊಸಳೆಯನ್ನೇ ಕೇಳುವವರು ಹೆಚ್ಚು. ನೈವೇದ್ಯದ ಅನ್ನ ತಿಂದೇ ಬದುಕಿತ್ತು ಎಂದು ಊರವರು ಹೇಳುವ ಬಬಿಯ 2022ರ ಅಕ್ಟೋಬರ್‌ನಲ್ಲಿ ಹೋಯಿತು, ಮರುವರ್ಷವೇ ಕೆರೆಯಲ್ಲಿ ಇನ್ನೊಂದು ಕಂಡಿತು. ಕಾಣದಿದ್ದರೆ ಬೇಸರ ಮಾಡಬೇಡಿ. ಮಳೆ ಬಿಟ್ಟ ದಿನಗಳಲ್ಲಿ ಆ ಪರಿಸರದ ಮುರಕಲ್ಲಿನ ಬಯಲಲ್ಲಿ ಒಮ್ಮೆ ಕಾಲಿಡಿ, ಹುಲ್ಲಿನ ನಡುವೆ ಸಣ್ಣ ನೀಲಿ ಹೂ ಹಾಸಿಕೊಂಡಿರುತ್ತದೆ. ಎಡನೀರು ಮಠವನ್ನು ಕಾನೂನು ಓದುವ ಮಕ್ಕಳಿರುವ ಮನೆಯವರಿಗೆ ಮಾತ್ರ ಒತ್ತಾಯ ಮಾಡಿ ಸೇರಿಸುತ್ತೇನೆ. ಈ ಮಠದ ಸ್ವಾಮೀಜಿಯೇ ದಾವೆ ಹೂಡಿದ್ದ, ಸಂವಿಧಾನದ ಮೂಲ ಸ್ವರೂಪ ಬದಲಿಸುವಂತಿಲ್ಲ ಎಂದ 1973ರ ಕೇಶವಾನಂದ ಭಾರತಿ ತೀರ್ಪು, 13 ನ್ಯಾಯಾಧೀಶರ ಪೀಠ ಎಂದೆಲ್ಲ ಬಾಯಿಪಾಠ ಮಾಡಿದ ಹುಡುಗಿಯೊಬ್ಬಳಿಗೆ ಆ ಸ್ವಾಮೀಜಿ ಯಕ್ಷಗಾನಕ್ಕೆ ಭಾಗವತಿಕೆಯನ್ನೂ ಮಾಡುತ್ತಿದ್ದರೆಂದು ಗೊತ್ತಾದಾಗ ಅವಳ ಮುಖ ನೋಡಬೇಕಿತ್ತು.

ಸಂಜೆಯ ಹೊತ್ತನ್ನು ನಾನು ತಳಂಗರೆಯ ಕಡೆಗೆ ಮೀಸಲಿಡುತ್ತೇನೆ. ಮಾಲಿಕ್ ದೀನಾರ್ ಮಸೀದಿ, ಹೊಳೆ ಕಡಲು ಸೇರುವ ಜಾಗ, ಆಮೇಲೆ ಪೇಟೆಯಲ್ಲಿ ಕಲ್ತಪ್ಪ. ಅಕ್ಕಿ, ಬೆಲ್ಲ, ಹುರಿದ ಸಣ್ಣ ನೀರುಳ್ಳಿ, ತೆಂಗಿನಕಾಯಿ ಚೂರು. ಸಿಹಿಯಲ್ಲಿ ನೀರುಳ್ಳಿಯಾ ಎಂದು ಮೂಗು ಮುರಿದವರೇ ಎರಡನೇ ತುಂಡಿಗೆ ಕೈ ಹಾಕುತ್ತಾರೆ. ಜೊತೆಗೆ ಸುಲೈಮಾನಿ, ಅಂದರೆ ಹಾಲಿಲ್ಲದ ಚಾಯ. "ಇಚ್ಚಾ (ಅಣ್ಣಾ), ಸಕ್ಕರೆ ಕಮ್ಮಿ" ಎಂದು ಕನ್ನಡದಲ್ಲೇ ಹೇಳಿ, ಸಕ್ಕರೆ ಕಮ್ಮಿಯದ್ದೇ ಬರುತ್ತದೆ. ರಮ್ಜಾನ್ ತಿಂಗಳಲ್ಲಿ ಬರುವವರು ಹಗಲಲ್ಲಿ ಹಲವು ಹೋಟೆಲು ಮುಚ್ಚಿರುತ್ತದೆ ಎಂದು ತಿಳಿದೇ ಬನ್ನಿ. ಸಂಜೆಯ ಮೇಲೆ ಬೀದಿಯಲ್ಲಿ ಸಿಗುವ ಉನ್ನಕ್ಕಾಯಿ, ಪತ್ತಿರಿಗಳು ಆ ಹಗಲಿನ ಲೆಕ್ಕ ಚುಕ್ತಾ ಮಾಡುತ್ತವೆ.

ಮೀನು, ಚಿಪ್ಪು ತಿನ್ನುವವರಿಗಾದರೆ ತೆಂಕಿಗೆ ಹೋಗುವುದನ್ನು ನಾನೂ ಒಪ್ಪುತ್ತೇನೆ, ಹೌಸ್‌ಬೋಟಿಗಾಗಿ ಮಾತ್ರ ಅಲ್ಲ. ಪಡನ್ನ, ವಲಿಯಪರಂಬದ ಹಿನ್ನೀರಿನಲ್ಲಿ ಪಚ್ಚಿಲೆ ಎಂಬ ಚಿಪ್ಪುಮೀನು ಬೆಳೆಸುತ್ತಾರೆ. ಮಳೆಗಾಲ ಮುಗಿದ ಮೇಲೆ ಮರಿಗಳನ್ನು ಹಗ್ಗಕ್ಕೆ ಕಟ್ಟಿ ಬಿದಿರಿನ ಚಪ್ಪರದಿಂದ ನೀರಿಗೆ ಇಳಿಬಿಟ್ಟರೆ ಮುಂದಿನ ಮಳೆಗೆ ಮೊದಲು ಕೊಯ್ಲು. ಹಾಗಾಗಿ ಏಪ್ರಿಲ್, ಮೇ ಒಳ್ಳೆಯದು, ಸೆಕೆ ತಡೆದುಕೊಳ್ಳಬೇಕಷ್ಟೆ. ಅಲ್ಲಿನ ಅರಿಕಡುಕ್ಕದ ಮುಂದೆ ಬಿರಿಯಾಣಿಯೂ ನನಗೆ ಎರಡನೆಯದು. ಅಕ್ಕಿ, ಕಾಯಿ, ದೊಡ್ಡ ಜೀರಿಗೆ ಅರೆದ ಹಿಟ್ಟನ್ನು ಚಿಪ್ಪಿನೊಳಗೇ ತುಂಬಿ, ಹಬೆಯಲ್ಲಿ ಬೇಯಿಸಿ, ಚಿಪ್ಪು ಬಿಡಿಸಿ, ಮೆಣಸಿನ ಮಸಾಲೆ ಹಚ್ಚಿ ಹುರಿಯುವುದು. ತಣ್ಣಗಾದರೆ ರಬ್ಬರಿನ ಹಾಗೆ, ಬಿಸಿ ಇರುವಾಗಲೇ ತಿನ್ನಬೇಕು. ದೋಣಿಯಲ್ಲಿ ಪ್ಯಾಕೆಟ್ ಊಟ ಕೊಡುವವರು ಇದನ್ನು ಕೊಡಲಿಕ್ಕಾಗದು, ದಡಕ್ಕೆ ಇಳಿಯಲೇಬೇಕು.

ರಾಣಿಪುರಂ ಬೆಟ್ಟದ ಬಗ್ಗೆ ಕೇಳುತ್ತಾರೆ. ಚಂದ ಉಂಟು, ಜಿಗಣೆಯೂ ಉಂಟು. ಎರಡು ದಿನದವರಿಗೆ ಬೇಡ.

ತೆಯ್ಯಂ, ಭೂತಕೋಲಗಳನ್ನು ಮಾತ್ರ ನನ್ನ ಪ್ಲಾನಿನ ಪಟ್ಟಿಯಲ್ಲಿ ಬರೆಯುವುದಿಲ್ಲ. ತುಲಾಮಾಸ ಹತ್ತರ (ಅಕ್ಟೋಬರ್ ಕೊನೆಯ ವಾರ) ನಂತರ ಕಾವುಗಳಲ್ಲಿ, ಅಂದರೆ ದೈವದ ಬನಗಳಲ್ಲಿ, ಶುರುವಾಗುತ್ತದೆ, ನೀವು ಬಂದ ದಿನ ಹತ್ತಿರದಲ್ಲಿ ಇದ್ದರೆ ಕರೆದುಕೊಂಡು ಹೋಗುವ, ಇಲ್ಲದಿದ್ದರೆ ಇಲ್ಲ. "ಒಂದು ಗಂಟೆಯದ್ದು ವ್ಯವಸ್ಥೆ ಮಾಡ್ತೀರಾ, ಪೇಮೆಂಟ್ ಮಾಡ್ತೇವೆ" ಎಂದವರಿಗೆ ಬೇರೆ ಪ್ಲಾನರ್‌ಗಳ ನಂಬರ್ ಕೊಟ್ಟಿದ್ದೇನೆ. ಹೋಗುವುದಾದರೆ ರಾತ್ರಿ ಉಂಡು, ಚಾಪೆ ಹಿಡಿದುಕೊಂಡು, ಬೆಳಗಿನವರೆಗೆ ಕೂರುವ ಮನಸ್ಸು ಮಾಡಿಯೇ ಹೋಗಬೇಕು. ಬಹಳ ಕಡೆ ಊಟವನ್ನೂ ಅಲ್ಲೇ ಹಾಕುತ್ತಾರೆ, ನೀವು ಯಾರು ಎಂದು ಯಾರೂ ಕೇಳುವುದಿಲ್ಲ.

ವಾಪಸು ಹೋಗುವ ದಿನ ಮಂಜೇಶ್ವರದಲ್ಲಿ ಇಳಿಯಿರಿ. ಗೋವಿಂದ ಪೈಗಳ ಮನೆ, ಗಿಳಿವಿಂಡು, ಹೆದ್ದಾರಿಯಿಂದ ದೂರವೇನಿಲ್ಲ. ಮದ್ರಾಸ್ ಸರಕಾರ 1949ರಲ್ಲಿ ಅವರನ್ನು ರಾಷ್ಟ್ರಕವಿ ಎಂದು ಗೌರವಿಸಿತು. ಆಗ ಈ ಊರೂ ಮದ್ರಾಸಿನದ್ದೇ. ಅಷ್ಟು ಹೊತ್ತಿಗೆ ಸಂಜೆ ನಾಲ್ಕಾಗಿರುತ್ತದೆ, ಹೊಸಂಗಡಿಯಲ್ಲಿ ಗೋಳಿಬಜೆ ಎಣ್ಣೆಯಿಂದ ಏಳುವ ಹೊತ್ತು. ನನಗೆ ಮೆಸೇಜ್ ಮಾಡುವವರು ದಯವಿಟ್ಟು ತಿಂಗಳು, ಎಷ್ಟು ಜನ, ಮೀನು ಹೌದೋ ಅಲ್ಲವೋ, ನೀರುಳ್ಳಿ ಬೆಳ್ಳುಳ್ಳಿ ಬಿಟ್ಟವರು ಯಾರಾದರೂ ಇದ್ದಾರೋ, ಇಷ್ಟನ್ನು ಮೊದಲೇ ಬರೆಯಿರಿ. ಜಾಗಗಳ ಪಟ್ಟಿ ನೀವು ಕಳಿಸುವುದು ಬೇಡ.