ಒಂದೇ ಸಾಲು ಅಂತೆ!

ಹೌದು ಸ್ವಾಮಿ, ಒಂದೇ ಸಾಲು. ಅದಕ್ಕೇನೀಗ?

ಮೀಟಿಂಗ್ ಈಗಷ್ಟೇ ಮುಗಿಯಿತು. ಮೈಯೆಲ್ಲ ಉರಿಯುತ್ತಿದೆ. ಯಾರ ಹತ್ತಿರ ಹೇಳಿಕೊಳ್ಳಬೇಕೋ ಗೊತ್ತಾಗದೆ ಇಲ್ಲಿ ಕಾರಿಕೊಳ್ಳುತ್ತಿದ್ದೇನೆ. ಲಾಕ್ ಫೈಲಿನ ಕಥೆ ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರು ಪುಣ್ಯವಂತರು, ಹಾಗೇ ಇರಿ.

ನನ್ನ ಸರದಿ ಬಂತು. ಗಿಟ್ ಅಂದರೆ ನಮ್ಮ ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಫ್ಟ್‌ವೇರ್. ಅದರ ಸ್ಟೇಟಸ್ (ಏನೇನು ಬದಲಾಗಿದೆ ಅಂತ ಹೇಳುವ ಆಜ್ಞೆ) ಈಗ ಬೇಗ ಬರುತ್ತದೆ, ಕಮಿಟ್ ಮಾಡುವಾಗ, ಅಂದರೆ ಬದಲಾವಣೆ ದಾಖಲಿಸುವಾಗ, ಬರುತ್ತಿದ್ದ ಲಾಕ್ ಎರರ್ ನಿಂತಿದೆ ಅಂತ ಹೇಳಿದೆ. ಅಷ್ಟಕ್ಕೇ ಮುಂದಿನವರನ್ನು ಕರೆದಿದ್ದರೆ ಎಲ್ಲ ಸರಿ ಇರುತ್ತಿತ್ತು. ದೊಡ್ಡವರು ಬಿಡಲಿಲ್ಲ. "ಏನು ಬದಲಾಯಿಸಿದ್ರಿ, ಸ್ವಲ್ಪ ತೋರಿಸಿ" ಅಂದರು. ಸ್ಕ್ರೀನ್ ಶೇರ್ ಮಾಡಿ ಡಿಫ್, ಅಂದರೆ ಯಾವ ಸಾಲು ಬದಲಾಯಿತು ಅಂತ ತೋರಿಸುವ ಪಟ್ಟಿ, ತೆರೆದೆ. ಬಿಳಿ ಪರದೆಯ ನಡುವೆ ಒಂದು ಹಸಿರು ಸಾಲು. ಮೇಲೆ ಪ್ಲಸ್ 1, ಮೈನಸ್ 0.

"ಕೆಳಗೆ ಹೋಗಿ" ಅಂದರು. ಕೆಳಗೆ ಏನೂ ಇಲ್ಲ ಸರ್ ಅಂದೆ. "ಪರವಾಗಿಲ್ಲ, ಹೋಗಿ." ಹೋದೆ. ನಿಜವಾಗಿಯೂ ಏನೂ ಇರಲಿಲ್ಲ. ಮತ್ತೆ ಮೇಲೆ ಬಂದೆ. "ಬೇರೆ ಫೈಲ್?" ಇಲ್ಲ ಸರ್. "ಅಂದ್ರೆ ಇಷ್ಟು ದಿನ ಕೂತು ಮಾಡಿದ್ದು ಇದನ್ನೇನಾ?" ನಾನು ಬಾಯಿ ತೆರೆಯುವಷ್ಟರಲ್ಲಿ ಯಾರೋ ಮ್ಯೂಟ್ ತೆಗೆದು "ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು" ಅಂದರು. ಎಲ್ಲರೂ ನಕ್ಕರು. ನಗುವ ಮುಖದ ಎಮೋಜಿಗಳು ಪರದೆ ಮೇಲೆ ತೇಲಿದವು, ಸರಿಯಾಗಿ ನನ್ನ ಆ ಹಸಿರು ಸಾಲಿನ ಮೇಲೆಯೇ. ಕೊನೆಗೆ ದೊಡ್ಡವರು ಸಮಾಧಾನ ಹೇಳುವ ದನಿಯಲ್ಲಿ, "ಲೈನಸ್ ಟೋರ್ವಾಲ್ಡ್ಸ್ ಇಡೀ ಗಿಟ್ಟನ್ನೇ ಹತ್ತು ದಿನದಲ್ಲಿ ಬರೆದರಂತೆ, ಗೊತ್ತಾ?" ಅಂದರು.

ಆಗ ನಾನು ಏನಂದೆ? "ಹ್ಹೆ ಹ್ಹೆ, ಹೌದು ಸರ್" ಅಂದೆ. ನಾನೂ ನಕ್ಕುಬಿಟ್ಟೆ ಕಣ್ರೀ. ಅವರು ಅಂದಿದ್ದಕ್ಕಿಂತ ನಾನು ನಕ್ಕಿದ್ದೇ ಜಾಸ್ತಿ ಚುಚ್ಚುತ್ತಿದೆ.

ಈಗ ನೋಡಿ, ಉತ್ತರಗಳು ಒಂದರ ಹಿಂದೆ ಒಂದು ಬರುತ್ತಿವೆ. ಆಗ ಎಲ್ಲಿ ಹಾಳಾಗಿ ಹೋಗಿದ್ದವೋ.

ಮೊದಲು ಇಲಿ ವಿಚಾರ. ಬೆಟ್ಟದ ಕೆಳಗೆ ಕೂತು ದಿನಾ ಎಲ್ಲರ ತಂತಿ ಕಡಿಯುತ್ತಿದ್ದದ್ದು ಆ ಇಲಿಯೇ ಅಲ್ವಾ? ಕಮಿಟ್ ಕೊಟ್ಟರೆ "ಈ ರಿಪೊದಲ್ಲಿ ಇನ್ನೊಂದು ಗಿಟ್ ಓಡುತ್ತಿರುವ ಹಾಗಿದೆ" (ರಿಪೊ ಅಂದರೆ ಕೋಡೂ ಅದರ ಇತಿಹಾಸವೂ ಇರುವ ಭಂಡಾರ) ಅಂತ ಬೈದು ನಿಲ್ಲುತ್ತಿತ್ತು. ಬೇರೆ ಏನೂ ಓಡುತ್ತಿಲ್ಲವಲ್ಲ ಅಂತ ಎಲ್ಲರಿಗೂ ಆಶ್ಚರ್ಯ. ಎಡಿಟರ್ ತಪ್ಪು ಅಂದರು, ಆಂಟಿವೈರಸ್ ತಪ್ಪು ಅಂದರು, ಕೊನೆಗೆ ಗಿಟ್ಟೇ ಸರಿ ಇಲ್ಲ ಅಂದರು. ಎಲ್ಲರ ಔಷಧ ಒಂದೇ. ಇಂಡೆಕ್ಸ್ ಲಾಕ್ ಫೈಲ್ ಅಳಿಸು, ಮತ್ತೆ ಕಮಿಟ್ ಕೊಡು. ಇಂಡೆಕ್ಸ್ ಅಂದರೆ ಮುಂದಿನ ಕಮಿಟ್‌ಗೆ ಏನು ಹೋಗಬೇಕು ಅಂತ ಗಿಟ್ ಇಟ್ಟುಕೊಳ್ಳುವ ಪಟ್ಟಿ. ಒಬ್ಬ ಮಹಾನುಭಾವ ಹಾಗೆ ಅಳಿಸುವುದಕ್ಕೇ ಒಂದು ಅಲಿಯಾಸ್ (ಚಿಕ್ಕ ಅಡ್ಡಹೆಸರಿನ ಆಜ್ಞೆ) ಮಾಡಿಕೊಂಡು ಎಲ್ಲರಿಗೂ ಹಂಚಿದ್ದ. ಆ ಲಾಕ್ ಇರುವುದೇ ಇಬ್ಬರು ಒಟ್ಟಿಗೆ ಇಂಡೆಕ್ಸ್ ಬರೆದು ಕೆಡಿಸಬಾರದು ಅಂತ. ನಿಜವಾಗಿಯೂ ಇನ್ನೊಂದು ಗಿಟ್ ಬರೆಯುತ್ತಿರುವಾಗ ಅದನ್ನು ಕಿತ್ತು ಎಸೆದರೆ ಕಮಿಟ್‌ಗೆ ಅಂತ ಸ್ಟೇಜ್ ಮಾಡಿಟ್ಟಿದ್ದು ಹೋಗಬಹುದು, ಇಂಡೆಕ್ಸೇ ಹಾಳಾಗಬಹುದು. ಎಷ್ಟು ಸಲ ಹೇಳಿದೆನೋ. ಯಾರಿಗೆ ಬೇಕಿತ್ತು?

ಇನ್ನೊಂದು ಗಿಟ್ ಇತ್ತು. ಖಂಡಿತ ಇತ್ತು. ನಮ್ಮದೇ ಪ್ರಾಂಪ್ಟ್ ಸ್ಕ್ರಿಪ್ಟ್. ಟರ್ಮಿನಲ್‌ನಲ್ಲಿ ಬ್ರಾಂಚ್ (ಕೋಡಿನ ಕವಲು) ಹೆಸರಿನ ಪಕ್ಕ ಒಂದು ಚುಕ್ಕಿ ಬರುತ್ತದಲ್ಲ, ಫೈಲ್ ಬದಲಾಗಿದೆ ಅಂತ ತೋರಿಸುವುದಕ್ಕೆ? ಆ ಚುಕ್ಕಿಗೋಸ್ಕರ ಪ್ರತಿ ಸಲ ಎಂಟರ್ ಒತ್ತಿದಾಗಲೂ ಹಿಂದೆ ಸದ್ದಿಲ್ಲದೆ ಒಂದು ಸ್ಟೇಟಸ್ ಓಡುತ್ತಿತ್ತು. ಸ್ಟೇಟಸ್ ಅಂದರೆ ಸುಮ್ನೆ ಓದುವ ಕೆಲಸ ಅಂತ ಎಲ್ಲರ ನಂಬಿಕೆ. ಅಲ್ಲ. ಅದು ಫೈಲುಗಳ ಸಮಯ, ಗಾತ್ರ ಎಲ್ಲ ನೋಡಿ, ಮುಂದಿನ ಸಲ ಬೇಗ ಆಗಲಿ ಅಂತ ಇಂಡೆಕ್ಸನ್ನು ಹೊಸದಾಗಿ ಬರೆದಿಡುತ್ತದೆ. ಬರೆಯಬೇಕಾದರೆ ಲಾಕ್ ಹಿಡಿಯಬೇಕು. ಆ ಹೊತ್ತಿಗೆ ಸರಿಯಾಗಿ ನೀವು ಕಮಿಟ್ ಕೊಟ್ಟರೆ ಡಿಕ್ಕಿ.

ಚಿಕ್ಕ ರಿಪೊದಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಸ್ಟೇಟಸ್ ಮುಗಿದಿರುತ್ತದೆ. ನಮ್ಮ ರಿಪೊದಲ್ಲಿ ಅದು ಮುಗಿಯುವ ತನಕ ಆಕಳಿಸಿ ಬರಬಹುದಿತ್ತು. ಸ್ಟೇಟಸ್ ನಿಧಾನವಾದಷ್ಟೂ ಡಿಕ್ಕಿ ಜಾಸ್ತಿ. ಅಂದರೆ ನಿಧಾನ ಅನ್ನುವುದು ಒಂದು ದೂರು, ಲಾಕ್ ಅನ್ನುವುದು ಇನ್ನೊಂದು ದೂರು ಅಂತ ಬೇರೆ ಬೇರೆ ಟಿಕೆಟ್ ಹಾಕಿ ಬೇರೆ ಬೇರೆಯವರ ತಲೆಗೆ ಕಟ್ಟಿದ್ದೆವಲ್ಲ, ಎರಡರ ಬೇರೂ ಹತ್ತಿರ ಹತ್ತಿರ ಇತ್ತು. ಇದನ್ನು ಹೇಳಬೇಕು ಅಂತಲೇ ಸ್ಲೈಡ್ ಮಾಡಿಟ್ಟುಕೊಂಡಿದ್ದೆ. ಮೂರನೇ ಸ್ಲೈಡ್. ಅಲ್ಲಿಗೆ ಹೋಗುವುದಕ್ಕೆ ಬಿಟ್ಟರೆ ತಾನೇ!

ಮತ್ತೆ ಇದು ಕೇಳಿದಾಗ ಬರುವ ಬಗ್ ಅಲ್ಲ. ನಾನು ನೋಡುತ್ತಾ ಕೂತರೆ ಬರುವುದಿಲ್ಲ. ಕಾಫಿಗೆ ಎದ್ದರೆ ಯಾರಿಗೋ ಬರುತ್ತದೆ. ಕೆಲವರ ಮೆಷಿನ್‌ನಲ್ಲಿ ಟ್ರೇಸ್2 ಆನ್ ಮಾಡಿ, ಯಾವ ಗಿಟ್ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು, ಅದನ್ನು ಓಡಿಸಿದ್ದು ಯಾರು ಅಂತ ಲಾಗ್ ತೆಗೆದು, ಮೈಕ್ರೋಸೆಕೆಂಡುಗಳನ್ನು ಒಂದಕ್ಕೊಂದು ತಾಳೆ ಹಾಕಿ ಹಿಡಿದಿದ್ದು. ಹಿಡಿದ ಮೇಲೆ ಹಾಕಿದ ಸಾಲು ಗಿಟ್_ಆಪ್ಷನಲ್_ಲಾಕ್ಸ್=0. ಅಂದರೆ ಸ್ಟೇಟಸ್ ಲಾಕ್ ಹಿಡಿಯದೆ ಸುಮ್ಮನೆ ಓದಿಕೊಂಡು ಹೋಗಲಿ ಅಂತ. ಇದು 2017ರಲ್ಲಿ ಬಂದ ಗಿಟ್ 2.15ರಿಂದಲೂ ಇದೆ. ಹಿನ್ನೆಲೆಯಲ್ಲಿ ಸ್ಟೇಟಸ್ ಓಡಿಸುವ ಸ್ಕ್ರಿಪ್ಟುಗಳು ಇದನ್ನು ಬಳಸಿ ಅಂತ ಸ್ಟೇಟಸ್‌ನ ಮ್ಯಾನುಯಲ್‌ನಲ್ಲೇ ಬರೆದಿದ್ದಾರೆ. ಸ್ಕ್ರಿಪ್ಟ್ ಬರೆದವರು ಓದಿರಲಿಲ್ಲ, ಅಷ್ಟೇ. ಆ ಸ್ಕ್ರಿಪ್ಟಿನ ಡಿಫ್ ಎಷ್ಟು ಉದ್ದ ಇತ್ತು ಗೊತ್ತಾ? ಅವತ್ತು ಎಲ್ಲರೂ ಚಪ್ಪಾಳೆ ತಟ್ಟಿದ್ದರು.

ಹೋಗಲಿ ಬಿಡಿ. ದೊಡ್ಡವರದೂ ತಪ್ಪಿಲ್ಲ ಅನ್ನಿಸುತ್ತದೆ. ಅವರಿಗೆ ಕಾಣುವುದು ಪರದೆ. ಪರದೆಯಲ್ಲಿ ಕಂಡಿದ್ದು ಒಂದು ಸಾಲು. ನಾನೇ ಅವರ ಜಾಗದಲ್ಲಿ ಇದ್ದಿದ್ದರೂ...

ಇಲ್ಲ. ನಾನು ಹಾಗೆ ಕೇಳುತ್ತಿರಲಿಲ್ಲ. ಖಂಡಿತ ಕೇಳುತ್ತಿರಲಿಲ್ಲ.

ಆ ಹತ್ತು ದಿನದ ಮಾತಿಗೆ ಬರೋಣ. ಸರ್, ನಿಮ್ಮ ಲೆಕ್ಕ ಜಾಸ್ತಿಯೇ ಆಯಿತು. 2005ರ ಏಪ್ರಿಲ್ 3ಕ್ಕೆ ಶುರು ಮಾಡಿದ್ದು, 7ನೇ ತಾರೀಕಿಗೆ ಗಿಟ್ ತನ್ನ ಕೋಡನ್ನು ತಾನೇ ಇಟ್ಟುಕೊಳ್ಳುವ ಮಟ್ಟಕ್ಕೆ ಬಂದಿತ್ತು. ಆಮೇಲೆ ಏನಾಯಿತು ಅಂತಲೂ ಕೇಳಿ. ಅದೇ ವರ್ಷ ಜುಲೈನಲ್ಲಿ ಲೈನಸ್ ಅದನ್ನು ಜೂನಿಯೋ ಹಮಾನೋ ಅವರ ಕೈಗೆ ಕೊಟ್ಟರು. ಅವತ್ತಿನಿಂದ ಇವತ್ತಿನವರೆಗೂ ಅದನ್ನು ಸರಿ ಮಾಡುತ್ತಲೇ ಇದ್ದಾರೆ. ಬರೆದಿದ್ದು ಕೆಲವು ದಿನ, ರಿಪೇರಿ ಇಪ್ಪತ್ತು ವರ್ಷ! ಆ ಇಪ್ಪತ್ತು ವರ್ಷ ಯಾಕೆ ಯಾರ ಬಾಯಲ್ಲೂ ಬರುವುದಿಲ್ಲ? 2017ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್‌ನ ಕೋಡನ್ನು ಗಿಟ್‌ಗೆ ತಂದಾಗ ಸುಮಾರು 35 ಲಕ್ಷ ಫೈಲ್, 300 ಜಿಬಿ. ಮಾಮೂಲಿ ಗಿಟ್‌ನಲ್ಲಿ ಸ್ಟೇಟಸ್‌ಗೆ ಹತ್ತು ನಿಮಿಷ, ಕ್ಲೋನ್‌ಗೆ (ಇಡೀ ರಿಪೊ ಇಳಿಸಿಕೊಳ್ಳುವುದಕ್ಕೆ) 12 ಗಂಟೆ ಮೇಲೆ ಹಿಡಿಯುತ್ತಿತ್ತು ಅಂತ ಅವರೇ ಹೇಳಿಕೊಂಡರು. ಅದನ್ನು ಇಳಿಸುವುದಕ್ಕೆ ಒಂದು ತಂಡವನ್ನೇ ಕೂರಿಸಿ ಫೈಲ್ ಸಿಸ್ಟಮ್ ಮಟ್ಟದಲ್ಲಿ ಕೆಲಸ ಮಾಡಿದರು. ಇಲ್ಲಿ ನಾನೊಬ್ಬ ಪ್ರಾಣಿ, ಅದೂ ಬೇರೆ ಟಿಕೆಟ್‌ಗಳ ಸಂದಿಯಲ್ಲಿ.

ವೇಗ ಮಾಡಿದ್ದೂ "ಸೆಟ್ಟಿಂಗ್ ಬದಲಾಯಿಸಿದ್ದು ಅಷ್ಟೇ" ಅಂತೆ. ಹೌದು, ಎಫ್‌ಎಸ್‌ಮಾನಿಟರ್ ಆನ್ ಮಾಡಿದ್ದು ಸೆಟ್ಟಿಂಗೇ. ಲಕ್ಷಗಟ್ಟಲೆ ಫೈಲ್‌ಗಳ ಬಾಗಿಲನ್ನು ಪ್ರತಿ ಸಲ ಒಂದೊಂದಾಗಿ ತಟ್ಟುವ ಬದಲು, ಯಾವುದು ಬದಲಾಯಿತು ಅಂತ ಆಪರೇಟಿಂಗ್ ಸಿಸ್ಟಮನ್ನೇ ಕೇಳುವುದು. ಗಿಟ್‌ನ ಒಳಗೇ ಅದು ಬಂದಿದ್ದು 2022ರ ಜೂನ್‌ನ 2.37ರಲ್ಲಿ. ಆಗ ವಿಂಡೋಸ್, ಮ್ಯಾಕ್‌ಗೆ ಮಾತ್ರ. ಲಿನಕ್ಸ್‌ನವರಿಗೆ ವಾಚ್‌ಮ್ಯಾನ್ ಅನ್ನುವ ಬೇರೆ ಪ್ರೋಗ್ರಾಂ ಕಟ್ಟಬೇಕಿತ್ತು. ನೆಟ್‌ವರ್ಕ್ ಡ್ರೈವ್‌ನಲ್ಲಿ ರಿಪೊ ಇಟ್ಟುಕೊಂಡವರಿಗೆ ಆನ್ ಮಾಡಬಾರದು. ಉಬುಂಟು 20.04 ಬಿಡದೆ ಅಪ್ಪಿಕೊಂಡವರ ಹತ್ತಿರ ಇರುವುದು ಹಳೇ ಗಿಟ್ 2.25. ಇವರೆಲ್ಲರಿಗೂ ತೊಂದರೆ ಆಗದ ಹಾಗೆ ಆ ಸೆಟ್ಟಿಂಗ್ ಹಾಕಬೇಕು. ಒಂದು ಫೈಲಿನ ಲಾಗ್ (ಅದನ್ನು ಬದಲಾಯಿಸಿದ ಕಮಿಟ್‌ಗಳ ಪಟ್ಟಿ) ಕೇಳಿದರೆ ಇತಿಹಾಸವೆಲ್ಲ ಅಗೆಯುತ್ತಿತ್ತಲ್ಲ, ಅದಕ್ಕೆ ಕಮಿಟ್ ಗ್ರಾಫ್‌ನಲ್ಲಿ ಬ್ಲೂಮ್ ಫಿಲ್ಟರ್ ಅನ್ನುವ ಚಿಕ್ಕ ಗುರುತುಗಳನ್ನು ಬರೆಸಿದೆ. ಈ ಕಮಿಟ್‌ನಲ್ಲಿ ಆ ಫೈಲ್ ಬದಲಾಗಿಲ್ಲ ಅಂತ ಖಾತ್ರಿ ಆದರೆ ಅದರ ಫೈಲ್ ಪಟ್ಟಿ ಬಿಚ್ಚಿ ನೋಡುವ ಕೆಲಸವೇ ಇಲ್ಲ. ಇದನ್ನು ಯಾರೂ ಗಮನಿಸಲೂ ಇಲ್ಲ. ಒಬ್ಬರು ಮಾತ್ರ "ಹೊಸ ಲ್ಯಾಪ್‌ಟಾಪ್ ಬಂದಮೇಲೆ ಲಾಗ್ ಸಕತ್ ಫಾಸ್ಟು" ಅಂದರು. ಹೊಸ ಲ್ಯಾಪ್‌ಟಾಪ್ ಅಂತೆ!

ನನ್ನನ್ನೂ ಒಮ್ಮೆ ನೋಡಿ. ಬೇರೆಯವರು ರಜೆ ದಿನ ಸಿನಿಮಾ ನೋಡುತ್ತಾರೆ. ನಾನು ಗಿಟ್ ರಿಲೀಸ್ ನೋಟ್ಸ್ ಓದುತ್ತೇನೆ. ಓದಿ "ಅಯ್ಯೋ, ಇದನ್ನೂ ಸರಿ ಮಾಡಿದರಾ" ಅಂತ ಒಬ್ಬೊಬ್ಬರೇ ಖುಷಿಪಡುವ ಜಾತಿ ನಮ್ಮದು. ಮನೆಯವರಿಗೆ ಒಂದು ಸಲ ಸ್ಟೇಟಸ್ ಓಡಿಸಿ ತೋರಿಸಿದೆ, ನೋಡು ಎಷ್ಟು ಬೇಗ ಬಂತು ಅಂತ. "ಏನು ಬಂತು?" ಅಂತ ಕೇಳಿದರು. ಬದಲಾವಣೆ ಏನೂ ಇಲ್ಲ ಅಂತ ಬಂತು ಅಂದೆ. ಅವರು ನನ್ನ ಮುಖ ನೋಡಿದ ರೀತಿಗೂ ಇವತ್ತು ದೊಡ್ಡವರು ನೋಡಿದ ರೀತಿಗೂ ಏನೂ ವ್ಯತ್ಯಾಸ ಇಲ್ಲ. ಏನೂ ಇಲ್ಲ ಅನ್ನುವುದನ್ನು ಬೇಗ ಹೇಳುವ ಹಾಗೆ ಮಾಡಿದ್ದಕ್ಕೆ ಪ್ರಮೋಷನ್ ಕೇಳುತ್ತಿದ್ದೇನೆ ನಾನು. ಹುಚ್ಚೇ ಸರಿ.

ಆದರೂ ಒಂದು ಪ್ರಶ್ನೆ. ಯಾರಾದರೂ ಉತ್ತರ ಕೊಡಿ. ದೊಡ್ಡವರೇ ಕೊಡಲಿ, ಇಲಿ ಮಾತಾಡಿದವರೇ ಕೊಡಲಿ, ದಾರಿಯಲ್ಲಿ ಹೋಗುವವರು ಕೊಟ್ಟರೂ ಆಯಿತು. ಸಾಲಿನ ಲೆಕ್ಕದಲ್ಲೇ ಕೆಲಸ ಅಳೆಯುವುದಾದರೆ, ಆ ಡೇಟಾಬೇಸ್ ಡಂಪನ್ನು ಕಮಿಟ್ ಮಾಡಿದ ಪುಣ್ಯಾತ್ಮನಿಗೆ ಏನು ಕೊಡಬೇಕು? ಅವನ ಡಿಫ್‌ನಲ್ಲಿ ಲಕ್ಷಾಂತರ ಸಾಲು. ಕಾಂಟ್ರಿಬ್ಯೂಟರ್ ಪಟ್ಟಿಯಲ್ಲಿ ಇವತ್ತಿಗೂ ಅವನೇ ಮೇಲೆ. ಮಾರನೇ ದಿನ ಅದನ್ನು ಡಿಲೀಟ್ ಮಾಡಿದ, ಅದಕ್ಕೂ ಲಕ್ಷಾಂತರ ಸಾಲಿನ ಲೆಕ್ಕ ಸಿಕ್ಕಿತು! ಡಿಲೀಟ್ ಮಾಡಿದರೆ ಹೋಗುತ್ತದಾ? ಇತಿಹಾಸದಲ್ಲಿ ಗಟ್ಟಿಯಾಗಿ ಕೂತಿದೆ. ಇವತ್ತು ಹೊಸದಾಗಿ ಸೇರಿದವರು ಕ್ಲೋನ್ ಮಾಡಿದರೂ ಆ ಡಂಪ್ ಇಳಿದೇ ಇಳಿಯುತ್ತದೆ. ಇತಿಹಾಸ ತಿದ್ದುವ ಫಿಲ್ಟರ್ ರಿಪೊ ಅನ್ನುವ ಟೂಲ್ ಹಾಕಿ ತೆಗೆಯುತ್ತೇನೆ ಅಂದೆ. ಆ ಕಮಿಟ್‌ನಿಂದ ಮುಂದಿನ ಎಲ್ಲ ಹ್ಯಾಶ್ (ಕಮಿಟ್‌ನ ಗುರುತು) ಬದಲಾಗುತ್ತದೆ, ಎಲ್ಲರೂ ಒಂದು ಸಲ ಹೊಸದಾಗಿ ಕ್ಲೋನ್ ಮಾಡಬೇಕು ಅಂತಲೂ ಮುಚ್ಚುಮರೆ ಇಲ್ಲದೆ ಹೇಳಿದೆ. "ಅಷ್ಟು ತೊಂದರೆ ಬೇಡ ಬಿಡಿ" ಅಂದರು. ಸರಿ, ಬಿಟ್ಟೆ. ಈಗ ಕ್ಲೋನ್ ಯಾಕೆ ನಿಧಾನ ಅಂತ ನನ್ನನ್ನೇ ಕೇಳುತ್ತಾರೆ.

ಇನ್ನು ನಾನು ರಿಪೊ ಮುಟ್ಟುವುದಿಲ್ಲ. ನಿಧಾನ ಇದ್ದರೆ ಇರಲಿ. ನನಗೂ ಒಂದು ಬಟನ್ ಕೊಡಿ, ಅದರ ಬಣ್ಣ ಬದಲಾಯಿಸಿ ಡೆಮೊ ಕೊಡುತ್ತೇನೆ. ನೀವು ಚಪ್ಪಾಳೆ ತಟ್ಟಿ.

ಮರ್ಜ್ (ಎರಡು ಬ್ರಾಂಚ್ ಸೇರಿಸುವುದು) ನಿಧಾನದ ಟಿಕೆಟ್‌ನಿಂದ ನನ್ನ ಹೆಸರು ತೆಗೆದಿದ್ದೇನೆ. ಯಾರಿಗೆ ಬೇಕೋ ತಗೊಳ್ಳಿ. ಲಾಗ್ ಎಲ್ಲ ಅದರಲ್ಲೇ ಹಾಕಿದ್ದೇನೆ. ಆ ದೊಡ್ಡ ಫೋಲ್ಡರಿನ ಹೆಸರು ಬದಲಾಯಿಸಿದ ಬ್ರಾಂಚ್ ಇದೆಯಲ್ಲ, ಅಲ್ಲಿ ರೀನೇಮ್ ಹುಡುಕುವುದರಲ್ಲೇ ಎಲ್ಲ ಸಮಯ ಹೋಗುತ್ತಿದೆ. ಅದೂ ಹಳೇ ವರ್ಶನ್ ಇರುವ ಮೆಷಿನ್‌ಗಳಲ್ಲಿ ಮಾತ್ರ. 2021ರ ನವೆಂಬರ್‌ನ 2.34ರಿಂದ ಮರ್ಜ್‌ಗೆ ಓರ್ಟ್ ಅನ್ನುವ ಹೊಸ ವಿಧಾನವೇ ಡಿಫಾಲ್ಟ್, ರೀನೇಮ್ ವಿಷಯದಲ್ಲಿ ಅದು ತುಂಬಾ ಬೇಗ. ಹಾಗಾಗಿ ಮೊದಲು ಅಪ್‌ಗ್ರೇಡ್ ಮಾಡಿಸಿ ನೋಡಿ. ಬಿಲ್ಡ್ ಸರ್ವರ್ ಮರೆಯಬೇಡಿ, ಅದರದ್ದೇ ಎಲ್ಲಕ್ಕಿಂತ ಹಳೇದು. ಆಮೇಲೂ ನಿಧಾನ ಇದ್ದರೆ ನನ್ನನ್ನು ಕೇಳಬೇಡಿ.

ಅಂದರೆ, ಇವತ್ತು ಕೇಳಬೇಡಿ.